ಒಣಗಲು ಒಂದು ದಿನ

ಟಕ್, ಟಕ್, ಕುರ್ಚಿಯ ಕಾಲಿಗೆ ಹಿಮ್ಮಡಿ ಬಡಿಯುತ್ತಿದ್ದಾಳೆ, ಎಡಗಾಲೇ ಇರಬೇಕು, ಬಲಗಾಲನ್ನು ಯಾವಾಗಲೂ ಮಡಚಿ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾಳೆ, ಜೋಮು ಹಿಡಿಯುತ್ತೆ ಕಾಲು ಬಿಡೇ ಬುಗುರಿ ಎಂದು ಎಷ್ಟು ಸಲ ಹೇಳಿದ್ದೇನೆ, ಹಿಡೀಲಿ ಬಿಡು ಅಪ್ಪ, ಜೋಮು ಅಂದ್ರೆ ಕಾಲು ಸೋಡಾ ಕುಡಿದ ಹಾಗೆ, ನಂಗಿಷ್ಟ, ಎನ್ನುತ್ತಿದ್ದಳು, ಆಗ ಅವಳಿಗೆ ಎಂಟು, ಈಗ ಹನ್ನೆರಡು, ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ನಲವತ್ತು, ನಾಲ್ಕಕ್ಕೆ ಕರೆದುಕೊಂಡು ಹೋಗಲು ಬರುತ್ತಾರೆ — ಅಪ್ಪಾ, ಇನ್ನೂ ವಾಸನೆ ಬಂದಿಲ್ವಲ್ಲ, ಎಂದು ಮುಂದಿನ ಕೋಣೆಯಿಂದ ಕೂಗುತ್ತಾಳೆ, ಬರುತ್ತೆ ತಾಳೇ, ಈಗ ತಾನೇ ಬಿಚ್ತಾ ಇದೀನಿ, ಎನ್ನುತ್ತೇನೆ ಈ ಕೋಣೆಯಿಂದ, ಸುಳ್ಳು, ಬಿಚ್ಚಿ ಹತ್ತು ನಿಮಿಷವಾಯಿತು. ಗಾಜಿನ ಅಂಚಿಗೆ ಹಚ್ಚುವ ಸಿಲಿಕಾನ್ ಅಂಟಿನ ಕೊಳವೆಯ ಮುಚ್ಚಳ ತಿರುಗಿಸಿದ ಕೂಡಲೇ ವಿನೆಗರಿನ ಹುಳಿ ವಾಸನೆ ಎರಡೂ ಕೋಣೆಗೆ ಹರಡುತ್ತದೆ, ಅದು ಮೂಗಿಗೆ ಬಂದರೆ ಅಪ್ಪ ಕೆಲಸ ಶುರುಮಾಡಿದ ಎಂದು ಅವಳಿಗೆ ಅರ್ಥ, ನಾಲ್ಕು ವರ್ಷದಿಂದ ಹೀಗೇ, ಬಂತು ಬಂತು ಉಪ್ಪಿನಕಾಯಿ ಅಪ್ಪ ಬಂತು ಎಂದು ಅಲ್ಲಿಂದಲೇ ಹಾಡುತ್ತಿದ್ದಳು, ಈಗ ಹಾಡುವುದಿಲ್ಲ, ವಯಸ್ಸಾಯಿತು ನೋಡಿ, ಹನ್ನೆರಡು. ಕೊಳವೆ ಕೈಯಳತೆಯಲ್ಲೇ ಇದೆ, ಮುಚ್ಚಳ ತೆಗೆಯಲು ಕೈ ಏಳುತ್ತಿಲ್ಲ, ಅವಳ ಯೋಯೋದ ಎರಡು ಹೋಳುಗಳು ಮುಂದೆ ಕೂತಿವೆ, ಕವುಚಿಟ್ಟ ಎರಡು ನೀಲಿ ಬಟ್ಟಲುಗಳ ಹಾಗೆ, ಐವತ್ತು ಸಲವಾದರೂ ಬಿಚ್ಚಿದ್ದೇನೆ ಇದನ್ನು, ಒಳಗಿನ ಒಂದೊಂದು ಗೀರೂ ನನಗೆ ಬಾಯಿಪಾಠ, ಮತ್ತು ಈ ಸಲ ಒಳಗಿರುವ ಸಿಲಿಕಾನ್ ನನ್ನದಲ್ಲ.

ನನ್ನದು ತಿಳಿ, ನೀರಿನಂಥದ್ದು, ಒಣಗಿದ ಮೇಲೂ ಕೆಳಗಿನ ನೀಲಿ ಕಾಣುತ್ತದೆ, ಇದು ಬಿಳಿ, ಬಚ್ಚಲುಮನೆಯ ಅಂಚಿಗೆ ಹಚ್ಚುವ ಹಾಲುಬಿಳಿ. ಎಷ್ಟು ಸಣ್ಣ ಯಂತ್ರ ಇದು, ನಡುವೆ ಬೇರಿಂಗ್, ಬೇರಿಂಗಿನ ಸುತ್ತ ಒಂದು ತೋಡು, ತೋಡಿನಲ್ಲಿ ಸಿಲಿಕಾನಿನ ಉಂಗುರ, ಈ ಹೋಳಿಗೊಂದು, ಆ ಹೋಳಿಗೊಂದು, ಅಷ್ಟೇ, ದಾರದ ತುದಿಗೆ ಇಳಿದು ಅಲ್ಲೇ ಗಿರಗಿರ ತಿರುಗುವ ಯೋಯೋ ಕೈಗೆ ವಾಪಸು ಬರಬೇಕಾದರೆ ಏನಾದರೂ ದಾರವನ್ನು ಹಿಡಿಯಬೇಕಲ್ಲ, ಹಿಡಿಯುವುದು ಈ ಉಂಗುರ, ಉಂಗುರ ಸವೆದರೆ ಹಿಡಿತ ಹೋಯಿತು, ತಿರುಗುತ್ತದೆ, ತಿರುಗುತ್ತದೆ, ಕೆಳಗೇ ಸುಸ್ತಾಗಿ ನಿಲ್ಲುತ್ತದೆ. ಬಲಹೋಳಿನ ಬಿಳಿ ಉಂಗುರ ಇಡಿಯಾಗಿದೆ, ಸುತ್ತಲೂ ಒಂದೇ ಸಮ, ಅಂಚಿಗಿಂತ ಕೂದಲೆಳೆಯಷ್ಟು ಕೆಳಗೆ, ಇರಬೇಕಾದ ಹಾಗೆಯೇ, ನಾನು ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಎಡಹೋಳಿನದು ಚಿಂದಿ, ಅಲ್ಲಲ್ಲಿ ಕಿತ್ತು ಎದ್ದಿದೆ. ಬಾಗಿಲಲ್ಲೇ ಹೇಳಿದ್ದಳು, ಅಪ್ಪಾ ಸಿಲಿಕಾನ್ ಹೋಗಿದೆ, ವಾಪಸ್ ಬರ್ತಾನೇ ಇಲ್ಲ, ಹೊಸದು ಹಾಕ್ಬೇಕು, ಎಂದು, ಆಮೇಲೆ, ನೀವು ಊಟ ಮಾಡಿದ್ರಾ, ಎಂದು, ನೀವು ಅಂತೆ, ಯಾವಾಗಿನಿಂದ ನೀವು, ಹೋದ ಮಳೆಗಾಲದವರೆಗೂ ನೀನು, ಲೋ ಅಪ್ಪ ಎಂದೂ ಅಂದದ್ದುಂಟು, ನೆಂಟರ ಮನೆಗೆ ಬಂದವರ ಹಾಗೆ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು, ಮಾಡಿದೆ ಮರಿ, ನಿಂದಾಯ್ತಾ, ಆಯ್ತು, ಅಲ್ಲಿಗೆ ಮಾತು ಮುಗಿಯಿತು. ನಾಲ್ಕು ಗಂಟೆ ಹೊತ್ತು, ಮೂರು ನಿಮಿಷಕ್ಕೆ ಮಾತು ಮುಗಿಯಿತು, ಆಮೇಲೆ ಅವಳು ಚೀಲದಿಂದ ಯೋಯೋ ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು, ನನಗೆ ಎಷ್ಟು ಹಗುರವಾಯಿತೆಂದರೆ ಆಸ್ಪತ್ರೆಯಲ್ಲಿ ಇದು ಹಾರ್ಟಿಂದಲ್ಲ, ಬರೀ ಗ್ಯಾಸು ಎಂದ ಹಾಗೆ.

ಇಪ್ಪತ್ತೆರಡು ವರ್ಷದಿಂದ ಕಿಟಕಿಗೆ ಗಾಜು ಕೂರಿಸುತ್ತಿದ್ದೇನೆ, ಸಿಲಿಕಾನ್ ನನಗೆ ಹೊಸದೇನಲ್ಲ, ಅಂಟು ಒತ್ತುವ ಗನ್ನಿಗೆ ಕೊಳವೆ ಸಿಕ್ಕಿಸು, ಗಾಜಿನ ಅಂಚಿಗೆ ಎಳೆ, ಸೋಪಿನ ನೀರಿಗೆ ಹೆಬ್ಬೆರಳು ಅದ್ದು, ಒಂದೇ ಉಸಿರಿಗೆ ಮೂಲೆಯಿಂದ ಮೂಲೆಗೆ ಸವರು, ಮೇಸ್ತ್ರಿ ಕಲಿಸಿದ್ದು ಹಾಗೆ, ಚಮಚ ಗಿಮಚ ತಗೊಂಡ್ರೆ ಕೈ ಮುರೀತೀನಿ, ಹೆಬ್ಬೆರಳಿಗೆ ಕಣ್ಣಿದೆ ಕಣೋ, ಎನ್ನುತ್ತಿದ್ದ, ಊರ ತುಂಬ ಒತ್ತಿದೀಯ ಹೆಬ್ಬೆಟ್ಟು, ಕಳ್ಳತನ ಮಾತ್ರ ಮಾಡ್ಬೇಡ, ಮೊದಲು ನಿನ್ನನ್ನೇ ಹಿಡೀತಾರೆ, ಎಂದು ನಗುತ್ತಿದ್ದ. ಹಿಡಿಯಲಾರರು, ಈಗ ನನ್ನ ಹೆಬ್ಬೆರಳಲ್ಲಿ ಗೆರೆಯೇ ಇಲ್ಲ, ಗಾಜು ಉಜ್ಜಿ ಉಜ್ಜಿ ಹೊಳೆಯ ಕಲ್ಲಿನ ಹಾಗೆ ನುಣುಪಾಗಿದೆ, ಕಚೇರಿಗಳಲ್ಲಿ ಆ ಕೆಂಪು ದೀಪದ ಯಂತ್ರದ ಮೇಲಿಟ್ಟರೆ ಇನ್ನೊಮ್ಮೆ ಇಡಿ, ಇನ್ನೊಮ್ಮೆ ಇಡಿ, ಇಲ್ಲ ಸ್ವಾಮಿ, ನೀವು ಇದೀರಾ ಅಂತ ಇದಕ್ಕೆ ಗೊತ್ತಾಗ್ತಾ ಇಲ್ಲ, ಎನ್ನುತ್ತಾರೆ. ಬೇರೆಯಾದ ಮೇಲಿನ ಮೊದಲ ಭಾನುವಾರ, ಹದಿನೈದು ದಿನಕ್ಕೊಮ್ಮೆ, ಹನ್ನೆರಡರಿಂದ ನಾಲ್ಕರವರೆಗೆ ಎಂದು ಕಾಗದದಲ್ಲಿ ಬರೆದ ಮೊದಲ ಭಾನುವಾರ, ಈ ಮಗುವನ್ನು ನಾಲ್ಕು ಗಂಟೆ ಏನು ಮಾಡಲಿ ಎಂದು ತೋಚದೆ ಆಟಿಕೆ ಅಂಗಡಿಗೆ ಕರೆದೊಯ್ದೆ, ನೀಲಿಯದು ಬೇಕು ಎಂದಳು, ಕೊಟ್ಟೆ, ವರ್ಷದೊಳಗೆ ಉಂಗುರ ಸವೆಯಿತು, ಅಯ್ಯೋ ಇದಕ್ಕೆ ಅಂಗಡಿಗ್ಯಾಕೆ ಹೋಗ್ಬೇಕು, ನಿಮ್ಮಪ್ಪ ಹೊಟ್ಟೆಪಾಡಿಗೆ ಮಾಡೋದೇ ಇದು, ಎಂದು ಜಂಬದಿಂದ ಗನ್ನು ತಂದು ತುಂಬಿದೆ, ಕಿಟಕಿಗೆ ತುಂಬಿದ ಹಾಗೆಯೇ, ಉಬ್ಬಿಸಿ, ಕಿಟಕಿಯಲ್ಲಿ ಉಬ್ಬಬೇಕು, ಉಬ್ಬಿದರೆ ನೀರು ಆಚೆ ಜಾರುತ್ತದೆ, ತಗ್ಗಾದರೆ ಕೂತು ಒಳಗೆ ಸೋರುತ್ತದೆ, ಉಬ್ಬಿಸದವನು ಗಾಜಿನ ಕೆಲಸದವನೇ ಅಲ್ಲ. ಮುಂದಿನ ಭಾನುವಾರ ಅವಳು ಅಂಗಳದಲ್ಲಿ ನಿಂತು, ನೋಡು ಅಪ್ಪ, ಎಂದು ಬೀಸಿ ಎಸೆದಳು, ಅದು ತಿರುಗಲಿಲ್ಲ, ಉಬ್ಬಿದ ಉಂಗುರ ದಾರವನ್ನು ಅಲ್ಲೇ ಕಚ್ಚಿತು, ಹೋದಷ್ಟೇ ಜೋರಾಗಿ ವಾಪಸು ಬಂತು, ಬಾಯಿಗೆ. ಮುಂದಿನ ಹಲ್ಲಿನ ಮೂಲೆ ಮುರಿದು ಅಂಗೈಯಲ್ಲಿತ್ತು, ಅಕ್ಕಿಕಾಳಿನಷ್ಟು. ನಾಲ್ಕಕ್ಕೆ ಬಾತುಕೊಂಡ ತುಟಿಯ ಮಗುವನ್ನು ಅವಳ ತಾಯಿಯ ಬಾಗಿಲಲ್ಲಿ ನಿಲ್ಲಿಸಿದೆ, ನಾಲ್ಕೇ ನಾಲ್ಕು ಗಂಟೆ, ನೆಟ್ಟಗೆ ನೋಡ್ಕೊಳ್ಳೋಕೆ ಆಗ್ಲಿಲ್ಲ ಅಲ್ವಾ ನಿಮ್ಮ ಕೈಲಿ, ಎಂದಳು ಅವಳು, ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು, ಅಮ್ಮಾ ನಾನೇ ಜೋರಾಗಿ ಎಸೆದಿದ್ದು, ಎಂದಿತು ಮಗು ಆ ತುಟಿಯಲ್ಲೇ, ಜೋಲಾಗಿ ಎಚೆದಿದ್ದು ಎಂದು ಕೇಳಿಸಿತು.

ಆಟಿಕೆ ಅಂಗಡಿಯ ಹೆಂಗಸು ಯೋಯೋ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಳು, ಇದೇನು ಸ್ವಾಮಿ, ಬಚ್ಚಲ ಕಿಟಕಿನಾ ಇದು, ಮಳೆ ಬರುತ್ತಾ ಒಳಗೆ, ಉಬ್ಬಬಾರ್ದು, ಸಮವಾಗೂ ಇರಬಾರ್ದು, ಕೂದಲೆಳೆಯಷ್ಟು ಕೆಳಗೆ ಇರ್ಬೇಕು, ಹಿಡೀಬೇಕು, ಆದ್ರೆ ಕೇಳಿದಾಗ ಮಾತ್ರ ಹಿಡೀಬೇಕು, ಎಂದಳು, ಹಳೇದನ್ನ ಸೂಜಿಯಿಂದ ಎಬ್ಬಿಸಿ ಪೂರ್ತಿ ತೆಗೀರಿ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ತೆಳ್ಳಗಿರೋ ಸಿಲಿಕಾನ್ ಬಿಡಿ, ಪ್ಲಾಸ್ಟಿಕ್ ಕಾರ್ಡಿನಿಂದ ಒಂದೇ ಸಲ ಎಳೀರಿ, ಬೇರಿಂಗಿಗೆ ತಾಗಿಸಬೇಡಿ, ಒಂದು ದಿನ ಮುಟ್ಟಬೇಡಿ, ಇಪ್ಪತ್ನಾಲ್ಕು ಗಂಟೆ, ಬೆರಳಲ್ಲಿ ಒತ್ತಿ ನೋಡೋ ಚಟ ಇದ್ರೆ ಬೆರಳನ್ನ ಜೇಬಲ್ಲಿಟ್ಕೊಳ್ಳಿ. ಎಲ್ಲಾ ಕಲಿತೆ, ಕಾರ್ಡು ಮಾತ್ರ ಕೈಗೆ ಹತ್ತಲಿಲ್ಲ, ಹೆಬ್ಬೆರಳೇ ಸರಿ, ಸೋಪಿನ ನೀರು, ಒಂದೇ ಉಸಿರು. ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ಬೇಕು ಎಂದು ಕೇಳಿದೆ, ಆರು ತಿಂಗಳು ತಲೆ ಕೆಡಿಸಿಕೊಳ್ಳಬೇಡಿ ಎಂದಳು, ನಾನು ಮನೆಗೆ ಬಂದು ಮಗಳಿಗೆ ತಿಂಗಳಿಗೊಮ್ಮೆ ಎಂದೆ. ಯಾಕೆ ಹಾಗೆಂದೆ, ಬಾಯಿಗೆ ಅದೇ ಬಂತು. ಒಂದು ಭಾನುವಾರ ಅವಳು ತರುತ್ತಾಳೆ, ನಾನು ಹಾಕುತ್ತೇನೆ, ಒಣಗಲು ಒಂದು ದಿನ ಬೇಕು, ಅವಳಿಗಿರುವುದು ನಾಲ್ಕು ಗಂಟೆ, ಯೋಯೋ ಇಲ್ಲೇ ಉಳಿಯುತ್ತದೆ, ಅದನ್ನು ತೆಗೆದುಕೊಳ್ಳಲು ಮುಂದಿನ ಭಾನುವಾರ ಬರಲೇಬೇಕು, ಜ್ವರವಿರಲಿ, ಗೆಳತಿಯ ಮನೆಯಲ್ಲಿ ಹುಟ್ಟುಹಬ್ಬವಿರಲಿ, ಬರಲೇಬೇಕು, ಅಪ್ಪನಿಗೋಸ್ಕರ ಅಲ್ಲ, ಯೋಯೋಗೋಸ್ಕರ, ಅಷ್ಟಾದರೂ ಆಗಲಿ ಎನ್ನಿಸಿತ್ತು. ಚೆನ್ನಾಗಿರುವ ಉಂಗುರವನ್ನು, ಇನ್ನೂ ಐದು ತಿಂಗಳು ಬಾಳುವ ಉಂಗುರವನ್ನು ಸೂಜಿಯಿಂದ ಎಬ್ಬಿಸಿ ಎಬ್ಬಿಸಿ ಎಳೆದಿದ್ದೇನೆ ಪ್ರತಿ ಸಲ, ಅಬ್ಬಾ ಎಷ್ಟು ಸವೆದಿದೆ ನೋಡು, ಎಂದು ಅವಳಿಗೆ ತೋರಿಸಿದ್ದೇನೆ, ಹೌದಲ್ವಾ ಎಂದು ಅವಳು ತಲೆಯಾಡಿಸಿದ್ದಾಳೆ, ಆ ಮುರಿದ ಹಲ್ಲು ತೋರಿಸಿ ನಕ್ಕಿದ್ದಾಳೆ.

ಟಕ್, ಟಕ್, ನಿಂತಿತು, ಮತ್ತೆ ಶುರುವಾಯಿತು, ಈಗ ಬಲಗಾಲು, ಅಂದರೆ ಮಡಚಿದ್ದಕ್ಕೆ ಜೋಮು ಹಿಡಿದಿರಬೇಕು. ಗೊತ್ತಿದೆಯೋ ಇಲ್ಲವೋ ಅವಳಿಗೆ. ಬುಧವಾರ ಫೋನು ಬಂದಾಗ ನಾನು ಮೂರನೇ ಮಹಡಿಯ ಕಿಟಕಿಯ ಹೊರಗೆ ಹಲಗೆಯ ಮೇಲಿದ್ದೆ, ಒಂದು ಕೈಯಲ್ಲಿ ಗನ್ನು, ನೋಡಿ, ಎಂದಳು ಅವಳ ತಾಯಿ, ಹತ್ತು ವರ್ಷ ರೀ ಎಂದು ಕರೆದವಳು ಈಗ ನೋಡಿ ಎನ್ನುತ್ತಾಳೆ, ನೋಡಿದೆ, ಕೆಳಗೆ ರಸ್ತೆ, ಬಸ್ಸಿನ ತಲೆ, ಇವರಿಗೆ ವರ್ಗ ಆಗಿದೆ, ದೂರ, ರೈಲಲ್ಲಿ ಎರಡು ದಿನದ ದಾರಿ, ಮಂಗಳವಾರ ಲಾರಿ ಬರುತ್ತೆ ಸಾಮಾನಿಗೆ, ಬುಧವಾರ ನಾವು ಹೊರಡ್ತೀವಿ, ಈ ಭಾನುವಾರ ಕಳಿಸ್ತೀನಿ. ಆಮೇಲೆ ಎಂದೆ. ಆಮೇಲೆ ನೋಡೋಣ, ರಜೆ ಗಿಜೆ ಬಂದಾಗ. ಅವಳಿಗೆ ಗೊತ್ತಾ ಎಂದೆ. ಇಲ್ಲ, ನಾನೇ ಸಮಯ ನೋಡಿ ಹೇಳ್ತೀನಿ, ನೀವು ಬಾಯಿ ಬಿಡಬೇಡಿ, ರಂಪ ಮಾಡಿದ್ರೆ ಯಾರು ಸುಧಾರಿಸೋದು. ಹೂಂ ಎಂದೆ, ಇವರಿಗೆ ಎಂದದ್ದು ಕಿವಿಯಲ್ಲೇ ಕೂತಿತ್ತು, ಇವರು ಎಂದರೆ ಕನ್ನಡಕದವರು, ಅವಳ ಈಗಿನ ಗಂಡ, ಒಳ್ಳೆಯವರು, ಅದೇ ಕಷ್ಟ, ಕೆಟ್ಟವರಾಗಿದ್ದರೆ ಮನಸ್ಸಿಗೆ ಒಂದು ಕೆಲಸವಾದರೂ ಇರುತ್ತಿತ್ತು, ಗೇಟಿನ ಹೊರಗೇ ಗಾಡಿ ನಿಲ್ಲಿಸಿ ಎರಡೇ ಸಲ ಮೆಲ್ಲಗೆ ಹಾರ್ನ್ ಒತ್ತುತ್ತಾರೆ, ಅವಸರ ಇಲ್ಲ ಸರ್, ನಿಧಾನವಾಗಿ ಬರ್ಲಿ, ಎನ್ನುತ್ತಾರೆ. ಆ ದಿನ ಎಳೆದ ಸಿಲಿಕಾನ್ ಪಟ್ಟಿ ಹಾವಿನಂತೆ ವಕ್ರವಾಯಿತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ಇಡೀ ಕಿಟಕಿಯನ್ನು ಕೆರೆದು ಮತ್ತೆ ಮಾಡಿದೆ.

ಹಾಗಾದರೆ ಈ ಬಿಳಿ ಉಂಗುರ ಅವರದ್ದು. ಕನ್ನಡಕದವರದ್ದು. ಸಂಜೆ ಕೆಲಸದಿಂದ ಬಂದು, ಅಂಗಿಯ ತೋಳು ಮಡಚಿ, ಕೊಡು ಪುಟ್ಟಿ ನೋಡೋಣ, ಎಂದಿರುತ್ತಾರೆ, ಪುಸ್ತಕ ನೋಡಿಯೋ ಫೋನಿನಲ್ಲಿ ನೋಡಿಯೋ ಕಲಿತಿರುತ್ತಾರೆ, ಓದಿದವರು, ಒಂದೇ ಸಲಕ್ಕೆ ಬಂದಿರುತ್ತದೆ, ಕೂದಲೆಳೆಯಷ್ಟು ಕೆಳಗೆ, ಯಾರ ಹಲ್ಲೂ ಮುರಿಯದೆ — ಎಲ್ಲಾ ಕೊಟ್ಟೆನಲ್ಲ, ಇದೊಂದನ್ನು ಬಿಡಬಾರದಿತ್ತೇ, ಇಷ್ಟಗಲದ ಒಂದು ತೋಡು, ಇಷ್ಟೇ ಇಷ್ಟು, ಅಷ್ಟೂ ಜಾಗ ನನಗಿರಲಿಲ್ಲವೇ. ಬುಗುರೀ, ಎಂದು ಕೂಗುತ್ತೇನೆ, ದನಿ ಹದಕ್ಕಿಂತ ದೊಡ್ಡದಾಯಿತು, ಟಕ್ ಟಕ್ ನಿಂತಿತು, ಏನಪ್ಪಾ, ಇದಕ್ಕೆ ಸಿಲಿಕಾನ್ ಹಾಕಿದ್ದು ಯಾರು, ನೀವೇ ಅಲ್ವಾ, ಹೋದ ಸಲ ನೀವೇ ಹಾಕಿ ಕೊಟ್ರಲ್ಲ, ನಂದು ಬಿಳೀದಾ, ಬಿಳೀದಲ್ವಾ, ಅಲ್ಲ, ಅಯ್ಯೋ ನಂಗೇನ್ ಗೊತ್ತು ಅಪ್ಪ, ಹಳೇದಾದ್ರೆ ಬೆಳ್ಳಗಾಗುತ್ತೇನೋ, ನಿಮ್ಗೂ ಕೂದಲು ಬೆಳ್ಳಗಾಗಿಲ್ವಾ. ನಗು ಬಂತು, ತಡೆದೆ, ಸಿಟ್ಟಿನ ನಡುವೆ ನಗಬಾರದು. ಅಂಕಲ್ ಹಾಕಿಕೊಟ್ರಾ. ಅಂಕಲ್ಲಾ, ಅವನಿಗೆ ಬಲ್ಬ್ ಹಾಕೋಕೂ ಬರಲ್ಲ, ಎಂದಳು. ಅವನಿಗೆ. ನನಗೆ ನೀವು, ಅವರು ಅವನು, ಅದು ಮನೆಯವರನ್ನು ಕರೆಯುವ ರೀತಿ, ಗೊತ್ತೇ ಇಲ್ಲದೆ ಬಂದ ಮಾತು, ಗೊತ್ತಿಲ್ಲದೆ ಬಂದದ್ದಕ್ಕೇ ಎದೆಗೆ ನೆಟ್ಟಗೆ ಬಂತು. ಆದರೆ ಸುಳ್ಳು ಹೇಳುವ ದನಿಯಲ್ಲ, ಬಲ್ಬ್ ಹಾಕಲು ಬರುವುದಿಲ್ಲ ಎಂದದ್ದು ನಿಜ. ಹಳೆಯದಾದರೆ ಬೆಳ್ಳಗಾಗುತ್ತದೆ ಎಂದದ್ದು ಸುಳ್ಳು.

ಮೇಜಿನ ದೀಪವನ್ನು ಕೆಳಗೆ ಎಳೆದೆ. ಬಲಹೋಳನ್ನು ಬೆಳಕಿಗೆ ಓರೆಯಾಗಿ ಹಿಡಿದೆ, ಗಾಜಿನ ಗೀರು ಹುಡುಕುವಾಗ ಹಿಡಿಯುವ ಹಾಗೆ, ಉಂಗುರದ ಮೇಲೆ ತೆಳುವಾಗಿ ನೂಲಿನ ಜುಂಗು, ದಾರ ಉಜ್ಜಿದ ಗುರುತು, ಅಂದರೆ ಹಾಕಿದ ಮೇಲೆ ಆಡಿದ್ದಾಳೆ, ದಾರ ಹಿಡಿದಿದೆ, ಕೈಗೆ ವಾಪಸು ಬಂದಿದೆ. ಎಡಹೋಳಿನ ಮೇಲೂ ಅದೇ ಜುಂಗು, ಆದರೆ ಕಿತ್ತ ಗುಳಿಗಳ ಒಳಗೆ ಜುಂಗಿಲ್ಲ, ಅಚ್ಚ ಬಿಳಿ, ನಿನ್ನೆ ಕಿತ್ತದ್ದೋ, ಇವತ್ತು ಬೆಳಿಗ್ಗೆ ಕಿತ್ತದ್ದೋ, ಕಿತ್ತ ಮೇಲೆ ಆಡಿಲ್ಲ, ಒಂದೊಂದು ಗುಳಿಯೂ ಚೂಪು, ದುಂಡು, ಒಂದೇ ಅಳತೆ — ಕೈವಾರದ ಮೊನೆ, ಗಣಿತದ ಪೆಟ್ಟಿಗೆಯಲ್ಲಿರುವ ಕೈವಾರ, ವೃತ್ತ ಎಳೆಯುವುದು. ಮತ್ತೆ ಬಲಹೋಳು, ಮತ್ತೆ ಬೆಳಕು, ಉಂಗುರ ಸುತ್ತಿಬಂದು ಮುಗಿಯುವ ಜಾಗ, ಅಲ್ಲಿ ಬೆರಳನ್ನು ಎತ್ತಬೇಕು, ಕಾರ್ಡಿನಲ್ಲಿ ಎಳೆದರೆ ಅಲ್ಲಿ ಒಂದು ಸಣ್ಣ ಬಾಲ ಉಳಿಯುತ್ತದೆ, ಬಾಲವಿಲ್ಲ, ಹೆಬ್ಬೆರಳಲ್ಲಿ ಎಳೆದರೆ ಅಲ್ಲಿ ಒಂದು ನುಣುಪು ತಗ್ಗು, ತಗ್ಗಿದೆ, ಆದರೆ ನುಣುಪಲ್ಲ, ಅಕ್ಕಿಕಾಳಿನಷ್ಟು ಜಾಗದಲ್ಲಿ ಗೆರೆಗಳು, ಒಂದರ ಪಕ್ಕ ಒಂದು, ಬಾಗಿ ಹೋಗುವ ಗೆರೆಗಳು, ಎಣಿಸಿದೆ, ಆರು, ಕನ್ನಡಕದವರ ದಪ್ಪ ಹೆಬ್ಬೆರಳು ಇಷ್ಟು ಸಣ್ಣ, ಒತ್ತೊತ್ತಾದ ಗೆರೆ ಬಿಡಲಾರದು. ಸೋಪಿನ ನೀರು. ಒಂದೇ ಉಸಿರು. ಚಮಚ ಗಿಮಚ ಇಲ್ಲ. ಹೋದ ತಿಂಗಳು ಅರ್ಧ ಖಾಲಿಯಾದ ಬಿಳಿ ಕೊಳವೆಯನ್ನು ಈ ಬೆಂಚಿನ ಮೇಲೆ ಹುಡುಕಿ ಹುಡುಕಿ, ಎಲ್ಲೋ ಕೆಲಸದ ಜಾಗದಲ್ಲಿ ಬಿಟ್ಟೆನೆಂದು ನನ್ನನ್ನೇ ಬೈದುಕೊಂಡೆನಲ್ಲ, ಆ ಭಾನುವಾರ ಅವಳು ಚೀಲವನ್ನು ಮಡಿಲಿನಿಂದ ಇಳಿಸಿರಲೇ ಇಲ್ಲ.

ಅಂದರೆ ಒಂದು ತಿಂಗಳ ಹಿಂದೆಯೇ ಗೊತ್ತಿತ್ತು ಅವಳಿಗೆ. ಗೋಡೆಯಾಚೆಯ ಮಾತು ದೊಡ್ಡವರಿಗೆ ಕೇಳಿಸುವುದಿಲ್ಲ, ಮಕ್ಕಳಿಗೆ ಕೇಳಿಸುತ್ತದೆ. ಅಲ್ಲಿ, ರೈಲಿನ ಎರಡು ದಿನದಾಚೆ, ಉಂಗುರ ಸವೆದರೆ ಯಾರು ಹಾಕಿಕೊಡುತ್ತಾರೆ, ಎಂದು ಕೊಳವೆಯನ್ನು ಚೀಲಕ್ಕೆ ಹಾಕಿಕೊಂಡಿದ್ದಾಳೆ, ಕಲಿತಿದ್ದಾಳೆ, ನಾನು ಹಾಕಿದ ತಿಳಿ ಉಂಗುರ ಎಬ್ಬಿಸಿ ತೆಗೆದು, ಒರೆಸಿ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಇರಬಹುದು, ಆ ವಾಸನೆ ಮನೆಯೆಲ್ಲಾ ಹರಡಿದಾಗ ಏನು ಸುಳ್ಳು ಹೇಳಿದಳೋ, ಎಷ್ಟು ಸಲ ಉಬ್ಬಿತೋ, ಎಷ್ಟು ಸಲ ಮತ್ತೆ ತೆಗೆದಳೋ, ಕೊನೆಗೊಮ್ಮೆ ಬಂದಿದೆ, ಕೂದಲೆಳೆಯಷ್ಟು ಕೆಳಗೆ, ಒಂದು ದಿನ ಮುಟ್ಟದೆ ಕಾದಿದ್ದಾಳೆ, ದಾರ ಸುತ್ತಿ ಎಸೆದಿದ್ದಾಳೆ, ಬಂದಿದೆ ಕೈಗೆ. ಆಮೇಲೆ ಈ ಭಾನುವಾರ ಹತ್ತಿರ ಬಂದಿದೆ. ಸರಿಯಾಗಿರುವ ಯೋಯೋ ತಂದರೆ ಅಪ್ಪ ಏನು ಮಾಡುತ್ತಾನೆ ನಾಲ್ಕು ಗಂಟೆ, ಊಟ ಆಯ್ತಾ, ಆಯ್ತು, ಆಮೇಲೆ. ಕೈವಾರ ತೆಗೆದಿದ್ದಾಳೆ. ನಾನು ಸೂಜಿಯಿಂದ ಎಬ್ಬಿಸಿದ ಹಾಗೆಯೇ, ಚೆನ್ನಾಗಿರುವುದನ್ನು, ಒಂದೇ ಕಡೆ, ಎರಡೂ ಕೀಳಲು ಮನಸ್ಸು ಬಂದಿಲ್ಲ, ತಾನೇ ಮಾಡಿದ್ದಲ್ಲವೇ. ನಾಲ್ಕು ವರ್ಷದಿಂದ ನನ್ನ ತಿಂಗಳಿಗೊಮ್ಮೆ ಎಂಬ ಸುಳ್ಳಿಗೆ ಹೌದಲ್ವಾ ಎಂದು ತಲೆಯಾಡಿಸಿದವಳಿಗೆ ಅದೂ ಗೊತ್ತಿತ್ತೇ, ಎಂದಿನಿಂದ, ಮುರಿದ ಹಲ್ಲು ತೋರಿಸಿ ನಗುತ್ತಿದ್ದಾಗಲೂ —

ಮೂರೂ ಇಪ್ಪತ್ತು, ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಪ್ಪಾ ವಾಸನೆ, ಎಂದಳು, ಈ ಸಲ ಕೂಗಲಿಲ್ಲ, ಸುಮ್ಮನೆ ಹೇಳಿದಳು, ಬರುತ್ತೆ ಎಂದೆ. ಎದ್ದು ಹೋಗಿ ಹೇಳಬೇಕು, ಬುಗುರೀ, ಚೆನ್ನಾಗಿ ಮಾಡಿದೀಯ ಕಣೇ, ನನಗಿಂತ ಚೆನ್ನಾಗಿ, ಎಂದು, ಅಷ್ಟೇ ಮಾತು, ಈ ಹೋಳು ತೋರಿಸಿ, ಇನ್ನೊಂದು ಕೊಳವೆ ಕೊಟ್ಟು, ಅಲ್ಲಿ ಹೋದ್ಮೇಲೆ ಎಡಗಡೇದು ನೀನೇ ಹಾಕ್ಕೋ, ಎಂದು, ಎದ್ದೆ, ಕೂತೆ. ಹೇಳಿದರೆ ಯೋಯೋ ಅವಳ ಜೊತೆ ಹೋಗುತ್ತದೆ. ಹೇಳಿದರೆ, ಅಲ್ಲಿ ಎಂದರೆ ಎಲ್ಲಿ ಎಂಬ ಮಾತು ನಡುವೆ ಬರುತ್ತದೆ, ನೀವು ಬಾಯಿ ಬಿಡಬೇಡಿ. ಬುಗುರಿ ನಾಲ್ಕು ವರ್ಷದವಳಿದ್ದಾಗ, ಆ ಮನೆಯ ಅಡುಗೆಕೋಣೆಯ ಕಿಟಕಿ, ನಮ್ಮದೇ ಕಿಟಕಿ, ಮೂಲೆಯಿಂದ ಮೂಲೆಗೆ ಎಳೆದು ಆಗಷ್ಟೇ ಕೈ ತೊಳೆಯಲು ಹೋಗಿದ್ದೆ, ಬಂದು ನೋಡಿದರೆ ಸ್ಟೂಲಿನ ಮೇಲೆ ಹತ್ತಿ ಹಸಿ ಸಿಲಿಕಾನಿಗೆ ಹೆಬ್ಬೆರಳು ಒತ್ತಿದ್ದಾಳೆ, ಕೆಳಗಿನ ಎಡಮೂಲೆಯಲ್ಲಿ, ಅಪ್ಪಾ ನಾನೂ, ಎಂದಳು, ಎಷ್ಟು ಖುಷಿ ಮುಖದಲ್ಲಿ, ನಾನು ಕೂಗಿದೆ, ಏನ್ ಮಾಡಿದ್ಯೇ ಹಾಳು ಮಾಡಿಬಿಟ್ಯಲ್ಲೇ ಎಂದು, ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು, ಮುಷ್ಟಿಯನ್ನು ಬೆನ್ನ ಹಿಂದೆ, ಬಿಡ್ರೀ ಇರ್ಲಿ, ಯಾರು ನೋಡ್ತಾರೆ ಮೂಲೇಲಿ, ಮಗೂದು, ಎಂದಳು ಅವಳ ತಾಯಿ, ಆಗ ರೀ ಎನ್ನುತ್ತಿದ್ದಳು, ಗಾಜಿನವನ ಮನೆ ಕಿಟಕೀನೇ ಹೀಗಿದ್ರೆ ಜನ ಏನಂತಾರೆ, ಎಂದೆ ನಾನು, ಬ್ಲೇಡು ತಂದೆ, ಕೆರೆದೆ, ಹೆಬ್ಬೆರಳಿನ ಗುರುತು ಬ್ಲೇಡಿನ ತುದಿಗೆ ಅಂಟಿಕೊಂಡು ಬಂತು, ಕಾಗದಕ್ಕೆ ಒರೆಸಿ, ಮುದುರಿ, ಬುಟ್ಟಿಗೆ ಹಾಕಿದೆ, ಮತ್ತೆ ಎಳೆದೆ, ಸೊಗಸಾಗಿ ಬಂತು, ಈಗಲೂ ಹಾಗೇ ಇರಬೇಕು ಆ ಮೂಲೆ, ನುಣುಪಾಗಿ, ಯಾರದೋ ಮನೆ ಈಗ. ಯಾವ ಜನ, ಯಾರು ಬಂದು ನೋಡಿದರು ಆ ಮೂಲೆಯನ್ನು, ಹನ್ನೆರಡು ವರ್ಷ ಬಾಳುತ್ತದೆ ಸಿಲಿಕಾನ್, ಹದಿನೈದು ಬಾಳುತ್ತದೆ.

ಹಾರ್ನ್, ಮೆಲ್ಲಗೆ, ಎರಡು ಸಲ. ಟಕ್ ಟಕ್ ನಿಂತಿತು. ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದಾಳೆ, ಚೀಲ ಹೆಗಲಿಗೆ, ಬೆಂಚಿನತ್ತ ನೋಡುತ್ತಾಳೆ, ಎರಡು ಹೋಳು, ಎಡದ್ದು ಚಿಂದಿ ಹಾಗೆಯೇ, ಕೊಳವೆ, ಮೇಲೆ ಮುಚ್ಚಳ, ತೆಗೆದೇ ಇಲ್ಲದ ಮುಚ್ಚಳ, ವಾಸನೆಯಿಲ್ಲದ ಕೋಣೆ, ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು, ಬಾಯಿ ತೆರೆದೆ, ಚೆನ್ನಾಗಿ ಎಂಬ ಮಾತು ಹಲ್ಲಿನ ಹಿಂದೆಯೇ ಇತ್ತು, ಒಂದು ದಿನ ಬೇಕು ಒಣಗೋಕೆ, ಎಂದೆ. ಅದೇ ಬಾಯಿಗೆ ಬಂತು. ಗೊತ್ತು, ಎಂದಳು, ಇಪ್ಪತ್ನಾಲ್ಕು ಗಂಟೆ, ಇಲ್ಲೇ ಇರ್ಲಿ ಅಪ್ಪ, ಮುಟ್ಬೇಡ, ನಿಂಗೆ ಒತ್ತಿ ನೋಡೋ ಚಟ, ಮುಂದಿನ ಸಲ ಬಂದಾಗ ತಗೋತೀನಿ. ಹೂಂ, ಮುಂದಿನ ಸಲ. ಎಲ್ಲೂ ಎತ್ತಿಡಬೇಡ, ಇಲ್ಲೇ ಇಡು, ಹುಡುಕೋಕಾಗಲ್ಲ ಆಮೇಲೆ. ಇಲ್ಲೇ ಇಡ್ತೀನಿ ಮರಿ. ಚೀಲದ ಪಟ್ಟಿ ಸರಿಮಾಡಲು ಕೈ ಎತ್ತಿದಳು, ಹೆಬ್ಬೆರಳ ಉಗುರಿನ ಬುಡದಲ್ಲಿ ಒಣಗಿದ ಬಿಳಿ, ಚರ್ಮಕ್ಕೆ ಅಂಟಿದರೆ ವಾರಗಟ್ಟಲೆ ಹೋಗುವುದಿಲ್ಲ ಅದು, ನನ್ನ ಕಣ್ಣು ಅಲ್ಲಿಗೆ ಹೋಯಿತು, ಅವಳ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು, ಮುಷ್ಟಿ ಬೆನ್ನ ಹಿಂದೆ. ಅಪ್ಪಾ, ಎಂದಳು. ಏನೇ. ಏನಿಲ್ಲ, ಬಾಗಿಲು ಹಾಕ್ಕೋ, ಧೂಳು ಬಂದ್ರೆ ಅಂಟುತ್ತೆ. ನಮಸ್ಕಾರ ಸರ್, ಎಂದರು ಗೇಟಿನಿಂದ ಕನ್ನಡಕದವರು, ನಮಸ್ಕಾರ ಎಂದೆ, ಗಾಡಿ ತಿರುಗಿತು, ಅವಳು ಹಿಂದಕ್ಕೆ ತಿರುಗಿ ನೋಡಿದಳೋ ಇಲ್ಲವೋ, ಬಿಸಿಲು ಗಾಡಿಯ ಗಾಜಿಗೆ ಬಿದ್ದು ಕಣ್ಣಿಗೆ ಹೊಡೆಯಿತು, ಗಾಜು, ಗಾಜಿನವನಿಗೇ ಕಾಣಿಸಲಿಲ್ಲ.

ಕುರ್ಚಿ ಅವಳು ಎದ್ದಾಗ ಹೇಗಿತ್ತೋ ಹಾಗೆ ಓರೆಯಾಗಿದೆ. ಬಾಗಿಲು ಹಾಕಿದ್ದೇನೆ, ಧೂಳು ಬಾರದ ಹಾಗೆ. ಎಡಹೋಳಿಗೆ ಹಾಕಬೇಕು, ಹಾಕಿಟ್ಟರೆ ಒಣಗಿರುತ್ತದೆ, ಬಂದಾಗ ಸಿದ್ಧವಿರುತ್ತದೆ, ಬಂದಾಗ, ರಜೆ ಗಿಜೆ, ಕೊಳವೆಯ ಮುಚ್ಚಳ ತಿರುಗಿಸಿದೆ, ವಾಸನೆ ಬಂತು, ಹುಳಿ, ಎರಡೂ ಕೋಣೆಗೆ ಹರಡಿತು, ಮುಂದಿನ ಕೋಣೆಗೆ ಕಿವಿಗೊಟ್ಟೆ, ಮುಚ್ಚಳ ಹಾಕಿದೆ. ಹೆಬ್ಬೆರಳು ಸೋಪಿನ ನೀರಿನಲ್ಲಿತ್ತು, ಯಾವಾಗ ಅದ್ದಿದೆನೋ, ತೆಗೆದು ಅಂಗಿಗೆ ಒರೆಸಿದೆ, ಬಲಹೋಳನ್ನು ಅಂಗೈಯಲ್ಲಿಟ್ಟುಕೊಂಡೆ, ಒತ್ತಬೇಡ ಎಂದಿದ್ದಾಳೆ, ಒತ್ತುವುದಿಲ್ಲ, ಬರೀ ದೀಪವನ್ನು ಇನ್ನಷ್ಟು ಕೆಳಗೆ ಎಳೆಯುತ್ತೇನೆ, ಉಂಗುರ ಮುಗಿಯುವ ಜಾಗ, ಬಿಳಿಯ ಮೇಲೆ ಅಕ್ಕಿಕಾಳಿನಷ್ಟು ತಗ್ಗು, ಒಂದು, ಎರಡು, ಮೂರು, ಬಾಗಿ ಹೋಗುವ ಗೆರೆಗಳು, ನಾಲ್ಕು, ಐದು, ಕೆರೆಯದ ಗೆರೆಗಳು, ಆರು, ಬಿಳಿಯ ಮೇಲೆ, ಒಂದು, ಎರಡು, ಮೂರು, ನಾಲ್ಕು, ಐದು, ಆರು